ಹೊಳೆಯ ದಡವೂ ಹೊಳೆಯ ನೀರೂ

ಹೊಳೆಯ ನೀರು ಕೆಡುತ್ತಿದೆಯೆಂಬ ಮಾತು ಈಗ ಮನೆಮನೆಯಲ್ಲಿಯೂ ಕೇಳಿಬರುತ್ತಿರುವುದಷ್ಟೆ. ಕಾರಣವೇನೆಂದು ವಿಚಾರಿಸಿದರೆ ಪ್ರತಿಯೊಬ್ಬರೂ ಊರಿನ ಚರಂಡಿಯನ್ನೂ ಕಾರ್ಖಾನೆಯ ಕೊಳಚೆಯನ್ನೂ ತೋರಿಸುವರು. ಈ ಉತ್ತರವು ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಹೊಳೆಗೆ ಸೇರುವ ಕಲ್ಮಷಗಳಲ್ಲಿ ತೂಕದಿಂದ ಎಲ್ಲಕ್ಕಿಂತ ಹೆಚ್ಚಿನದು ಯಾವ ಕೊಳವೆಯಿಂದಲೂ ಬರತಕ್ಕದ್ದಲ್ಲ, ಅದು ಮಣ್ಣು. ಗುಡ್ಡದಿಂದಲೂ ಹೊಲದಿಂದಲೂ ಕೊಚ್ಚಿಬಂದ ಮಣ್ಣಿನೊಡನೆ, ಹೊಳೆಯು ತನ್ನ ದಡವನ್ನೇ ಕಡಿದು ಒಯ್ಯುವ ಮಣ್ಣೂ ಅದರಲ್ಲಿ ಕೂಡಿರುತ್ತದೆ. "ಮಣ್ಣೇನು ಮೈಲಿಗೆಯೆ? ಮಳೆಗಾಲದಲ್ಲಿ ಹೊಳೆ ಕೆಂಪಾಗುವುದು ಹೊಸದೆ?" ಎಂದು ವಾಚಕರಲ್ಲಿ ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ಉತ್ತರವನ್ನು ಕೊಡುವುದೇ ಈ ಲೇಖನದ ಉದ್ದೇಶವು. ದೃಷ್ಟಾಂತಕ್ಕೆ ದೂರ ಹೋಗಬೇಕಾದುದಿಲ್ಲ. "ಗಂಗಾಸ್ನಾನ, ತುಂಗಾಪಾನ" ಎಂದು ನಮ್ಮ ಹಿರಿಯರು ಯಾವ ನೀರನ್ನು ಕೊಂಡಾಡಿದರೋ ಆ ತುಂಗಭದ್ರೆಯನ್ನೇ ತೆಗೆದುಕೊಳ್ಳೋಣ.

ದಡವು ಬೀಳುವ ಬಗೆ

ಹೊಳೆಯು ದಡವನ್ನು ಕೊರೆಯುವುದು ಅದರ ಸಹಜಧರ್ಮವು. ನೀರು ನೆಟ್ಟಗೆ ಹರಿಯದೆ ಹಾವಿನಂತೆ ಬಳುಕಿ ಹರಿಯುವುದನ್ನು ಎಲ್ಲರೂ ನೋಡಿದ್ದಾರೆ. ಪ್ರತಿ ತಿರುವಿನಲ್ಲಿಯೂ ಹೊರಮಗ್ಗುಲಿನ ನೀರು ಬಿರುಸಾಗಿ ದಡಕ್ಕೆ ತಾಕಿ ಅದನ್ನು ಕೊರೆಯುತ್ತದೆ. ಒಳಮಗ್ಗುಲಿನ ನೀರು ಮೆಲ್ಲನೆ ಹರಿದು, ಹೊತ್ತುತಂದ ಮರಳನ್ನು ಅಲ್ಲಿ ಇಳಿಸುತ್ತದೆ. ಹೀಗೆ ಒಂದು ಕಡೆ ಕಳೆದುದು ಮತ್ತೊಂದು ಕಡೆ ಕೂಡುತ್ತ, ಶತಮಾನಗಳ ಕಾಲದಲ್ಲಿ ಹೊಳೆಯು ಅಷ್ಟಷ್ಟಾಗಿ ಸ್ಥಳವನ್ನು ಬದಲಿಸುತ್ತದೆ. ಇದರಿಂದ ಯಾರಿಗೂ ಅಂಥ ಕೇಡಿಲ್ಲ. ಕೊರೆತವು ತುಂಬಿಕೊಳ್ಳುವುದಕ್ಕಿಂತ ವೇಗವಾದಾಗ ಮಾತ್ರ ಕೇಡು ಮೊದಲಾಗುವುದು.

ನೀರಿನ ವೇಗಕ್ಕೂ ಅದರ ಬಲಕ್ಕೂ ಇರುವ ಸಂಬಂಧವು ಆಶ್ಚರ್ಯಕರವಾದುದು. ಪ್ರವಾಹದ ವೇಗವು ಇಮ್ಮಡಿಯಾದರೆ, ಅದು ಉರುಳಿಸಬಲ್ಲ ಕಲ್ಲಿನ ತೂಕವು ಇಮ್ಮಡಿಯಲ್ಲ, ೬೪ ಮಡಿಯಾಗುವುದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಆದುದರಿಂದಲೇ ವರ್ಷವೆಲ್ಲ ಸಾಧುವಾಗಿದ್ದ ಹೊಳೆಯು ನಾಲ್ಕು ದಿನದ ಮಹಾಪೂರದಲ್ಲಿ ಹತ್ತು ವರ್ಷದ ಕೆಲಸವನ್ನು ಮಾಡಿಬಿಡುವುದು. ಇನ್ನೊಂದು ವಿಚಿತ್ರವೇನಂದರೆ, ದಡವು ಹೆಚ್ಚಾಗಿ ಬೀಳುವುದು ಹೊಳೆ ತುಂಬಿದಾಗಲ್ಲ, ಇಳಿಯುವಾಗ. ತುಂಬಿದಾಗ ನೀರು ದಡದೊಳಕ್ಕೆ ಇಂಗಿ ಮಣ್ಣನ್ನು ಭಾರವಾಗಿಯೂ ಮೆತ್ತಗಾಗಿಯೂ ಮಾಡುತ್ತದೆ. ಆದರೂ ಹೊಳೆಯ ನೀರೇ ಹೊರಗಿನಿಂದ ಒತ್ತಿ ಅದನ್ನು ನಿಲ್ಲಿಸಿರುತ್ತದೆ. ಪ್ರವಾಹವು ತಟ್ಟನೆ ಇಳಿದರೆ ಆ ಆಸರೆ ತಪ್ಪುತ್ತದೆ. ನೆನೆದ ದಡವು ತನ್ನ ಭಾರವನ್ನು ತಾನೇ ತಾಳಲಾರದೆ ಬಿರುಕು ಬಿಟ್ಟು, ಗೋಡೆ ಕುಸಿದಂತೆ ಕುಸಿಯುತ್ತದೆ. ಪೂರ ಇಳಿಯಿತೆಂದು ನಿಶ್ಚಿಂತೆಯಿಂದ ದಡದ ಅಂಚಿಗೆ ಹೋಗುವವರು ಈ ಮಾತನ್ನು ನೆನಪಿನಲ್ಲಿಡತಕ್ಕದ್ದು.

ಇಂಥ ದಡವನ್ನು ಹಿಡಿದು ನಿಲ್ಲಿಸತಕ್ಕವು ಗಿಡಮರಗಳ ಬೇರುಗಳು. ಹೊಳೆಮತ್ತಿ, ನೇರಳೆ, ಹೊಂಗೆ, ಬಿದಿರು, ಲಕ್ಕಿ, ಲಾವಂಚ ಮೊದಲಾದವು ಹೊಳೆಯ ಮಗ್ಗುಲಲ್ಲಿ ತಾವಾಗಿಯೇ ಬೆಳೆಯುತ್ತಿದ್ದುವು. ಇವುಗಳಲ್ಲಿ ಮರಗಳ ಬೇರು ಮಣ್ಣಿಗೆ ತೊಲೆಗಳಂತೆಯೂ ಹುಲ್ಲಿನ ಬೇರು ಬಲೆಯಂತೆಯೂ ಕೆಲಸ ಮಾಡುವುವು. ಲಾವಂಚದ ಬೇರಂತೂ ಎರಡು ಮೂರು ಮೀಟರಿನವರೆಗೆ ನೆಟ್ಟಗೆ ಕೆಳಕ್ಕಿಳಿಯುವುದುಂಟು.

ಮನುಷ್ಯನ ಪಾಲು

ಈ ಸ್ವಾಭಾವಿಕವಾದ ಕಟ್ಟನ್ನು ನಾವು ನಾನಾ ವಿಧದಿಂದ ಬಿಚ್ಚಿದ್ದೇವೆ. ಹೊಲವನ್ನು ಇನ್ನೆರಡು ಸಾಲು ವಿಸ್ತರಿಸುವ ಆಸೆಯಿಂದ ನೀರಿನ ಅಂಚಿನವರೆಗೂ ನೇಗಿಲನ್ನು ಹೂಡಿದೆವು. ಸೌದೆಗಾಗಿ ಮರಗಳನ್ನು ಕಡಿದೆವು. ಇಟ್ಟಿಗೆಯ ಭಟ್ಟಿಗಳಿಗಾಗಿ ದಡದ ಜೇಡಿಯನ್ನು ಅಗೆದೆವು. ದನಗಳನ್ನು ಕಂಡ ಕಂಡಲ್ಲಿ ನೀರಿಗಿಳಿಸಿ, ಹುಲ್ಲು ತುಳಿದುಹೋದ ಓಣಿಗಳನ್ನು ಮಾಡಿದೆವು. ಮಳೆ ಬಂದಾಗ ಆ ಓಣಿಗಳೇ ಕೊರಕಲುಗಳಾದುವು.

ಎಲ್ಲಕ್ಕಿಂತ ಹೆಚ್ಚಿನ ಹಾನಿಯು ಮರಳನ್ನು ಎತ್ತುವುದರಿಂದ ಆಗುತ್ತದೆ. ಮರಳು ತೆಗೆಯುವುದು ಹೊಳೆಯ ನಡುವೆ, ಬೀಳುವುದು ಹೊಳೆಯ ದಡ. ಇವೆರಡಕ್ಕೂ ಸಂಬಂಧವೇನೆಂದು ತೋರಬಹುದು. ಹೊಳೆಯ ಪಾತ್ರವು ಆಳವಾದರೆ ದಡದ ಬುಡವು ಬಯಲಾಗುತ್ತದೆ. ಬುನಾದಿಯ ಪಕ್ಕದಲ್ಲಿ ಹಳ್ಳ ತೋಡಿದರೆ ಮನೆಯ ಗೋಡೆಗೆ ಏನಾಗುವುದೋ ಅದೇ ಗತಿಯು ದಡಕ್ಕೂ ಒದಗುವುದು. ಅದಲ್ಲದೆ ಮರಳು ಹೊಳೆಯ ಸೋಸಣಿಗೆಯೂ ಹೌದು, ಉಗ್ರಾಣವೂ ಹೌದು. ನೀರನ್ನು ಶೋಧಿಸಿ ತನ್ನೊಳಗೆ ಇಟ್ಟುಕೊಂಡು ಬೇಸಗೆಯಲ್ಲಿ ಅಷ್ಟಷ್ಟಾಗಿ ಬಿಟ್ಟುಕೊಡುವುದು ಅದರ ಗುಣವು. ಅದು ಹೋದ ಕಡೆ ಪಕ್ಕದ ಬಾವಿಗಳ ನೀರೂ ಕೆಳಗಿಳಿಯುವುದು. ಈ ಕಾರಣಗಳಿಂದಲೇ ೨೦೧೨ರ ಫೆಬ್ರವರಿ ೨೭ರಂದು ಸರ್ವೋಚ್ಚ ನ್ಯಾಯಾಲಯವು, ಐದು ಹೆಕ್ಟೇರಿಗಿಂತ ಚಿಕ್ಕದಾದ ಮರಳಿನ ಗಣಿಗೂ ಪರಿಸರದ ಅನುಮತಿಯನ್ನು ಪಡೆಯತಕ್ಕದ್ದೆಂದು ಆಜ್ಞೆ ಮಾಡಿತು. ಆಜ್ಞೆಯು ಕಾಗದದಲ್ಲಿದ್ದರೆ ಸಾಲದು, ಹೊಳೆಯಲ್ಲಿಯೂ ಕಾಣಬೇಕೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಮಣ್ಣು ಮಲಿನವಾಗುವುದು ಹೇಗೆ?

ಬಿದ್ದ ದಡವು ನೀರಿನಲ್ಲಿ ಎರಡು ಪಾಲಾಗುತ್ತದೆ. ಮರಳು ಬೇಗನೆ ತಳ ಸೇರುವುದು. ನಿಂತ ನೀರಿನಲ್ಲಿ ಸಾಧಾರಣವಾದ ಮರಳಿನ ಕಣವು ಒಂದು ಮೀಟರು ಇಳಿಯಲು ಒಂದು ನಿಮಿಷವೂ ಬೇಡ. ಜೇಡಿಯ ಗುಣ ಬೇರೆ. ಮಿಲ್ಲಿಮೀಟರಿನ ಐನೂರರಲ್ಲೊಂದು ಪಾಲಿನಷ್ಟು ಸಣ್ಣದಾದ ಅದರ ಕಣವು ಅದೇ ಒಂದು ಮೀಟರನ್ನು ಇಳಿಯಲು ಸುಮಾರು ಮೂರು ದಿನ ಬೇಕು. ಹರಿಯುವ ಹೊಳೆಯಲ್ಲಿ ಅದು ಇಳಿಯುವುದೇ ಇಲ್ಲ. ನೂರಾರು ಮೈಲಿ ತೇಲಿಕೊಂಡೇ ಹೋಗುವುದು.

ಹೀಗೆ ತೇಲುವ ಜೇಡಿಯಿಂದ ಮೊದಲು ಬೆಳಕಿಗೆ ಅಡ್ಡಿಯಾಗುತ್ತದೆ. ಬೆಳಕಿಲ್ಲದೆ ನೀರೊಳಗಿನ ಸಸ್ಯಗಳು ಬೆಳೆಯಲಾರವು. ಅವು ಬೆಳೆಯದಿದ್ದರೆ ನೀರಿಗೆ ಸೇರಬೇಕಾದ ಪ್ರಾಣವಾಯುವು ಕಡಿಮೆಯಾಗುತ್ತದೆ. ಜೇಡಿಯು ಮೀನುಗಳ ಕಿವಿರುಗಳಿಗೆ ಅಂಟಿ ಉಸಿರಾಟಕ್ಕೆ ತೊಂದರೆ ಕೊಡುವುದಲ್ಲದೆ, ಮೀನು ಮೊಟ್ಟೆಯಿಡುವ ಜಲ್ಲಿಗಲ್ಲುಗಳ ಸಂದನ್ನು ಮುಚ್ಚುತ್ತದೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ಯಾತ್ರಿಕರು ಅಕ್ಕರೆಯಿಂದ ನೋಡುವ ದೊಡ್ಡ ಮೀನುಗಳ ಜಾತಿಯು ತಿಳಿನೀರನ್ನೂ ಕಲ್ಲುತಳವನ್ನೂ ಬಯಸತಕ್ಕದ್ದು. ಕೆಸರು ಕಟ್ಟಿದ ಮಡುವಿನಲ್ಲಿ ಅದರ ವಂಶವು ಬೆಳೆಯದು.

ಎರಡನೆಯ ಹಾನಿಯು ಕಣ್ಣಿಗೆ ಕಾಣದ್ದು, ಆದರೆ ಇನ್ನೂ ದೊಡ್ಡದು. ಜೇಡಿಯ ಕಣಗಳು ಅತಿ ಸೂಕ್ಷ್ಮವಾಗಿರುವುದರಿಂದ ಒಂದು ಗ್ರಾಂ ಜೇಡಿಯ ಕಣಗಳ ಮೈಯನ್ನೆಲ್ಲ ಹರವಿದರೆ ಹತ್ತಾರು ಚದರ ಮೀಟರಿನಷ್ಟಾಗುವುದು. ಅಷ್ಟು ವಿಸ್ತಾರವಾದ ಮೈಗೆ ಗೊಬ್ಬರದ ರಂಜಕ, ಕ್ರಿಮಿನಾಶಕ ವಿಷಗಳು, ಸೀಸ ಮೊದಲಾದ ಲೋಹಗಳು, ರೋಗಾಣುಗಳು ಇವೆಲ್ಲ ಅಂಟಿಕೊಳ್ಳುವುವು. ಹೊಲಕ್ಕೆ ಹಾಕಿದ ರಂಜಕದ ಗೊಬ್ಬರದಲ್ಲಿ ಬೆಳೆಗೆ ದಕ್ಕದೆ ಉಳಿದ ಪಾಲು ಮಣ್ಣಿನಲ್ಲಿಯೇ ಸೇರಿಕೊಂಡಿರುತ್ತದೆ. ಆ ಹೊಲದ ಅಂಚು ಹೊಳೆಗೆ ಬಿದ್ದ ದಿನ ಎಷ್ಟೋ ವರ್ಷಗಳ ಗೊಬ್ಬರವು ಒಮ್ಮೆಲೇ ಹೊಳೆಯ ಪಾಲಾಗುವುದು. ಹೀಗೆ ಮಣ್ಣು ತಾನು ಮೈಲಿಗೆಯಲ್ಲದಿದ್ದರೂ ಮೈಲಿಗೆಯನ್ನು ಹೊರುವ ಗಾಡಿಯಾಗುತ್ತದೆ.

ಮೂರನೆಯದಾಗಿ, ದಡವು ಹೋದರೆ ಹೊಳೆಗಿದ್ದ ಜಾಲರಿಯೇ ಹೋದಂತಾಯಿತು. ಹುಲ್ಲು ಗಿಡಗಳು ದಟ್ಟವಾಗಿದ್ದ ದಡದಲ್ಲಿ ಹೊಲದಿಂದ ಹರಿದುಬಂದ ಕೆನ್ನೀರು ತಡೆದು ನಿಂತು, ಮಣ್ಣನ್ನು ಅಲ್ಲಿಯೇ ಬಿಟ್ಟು, ಅಷ್ಟು ಮಟ್ಟಿಗೆ ತಿಳಿಯಾಗಿ ಹೊಳೆಗಿಳಿಯುತ್ತಿತ್ತು. ಬೋಳುದಡದಲ್ಲಿ ಈ ತಡೆಯಿಲ್ಲ. ಆದುದರಿಂದ ಬಿದ್ದ ದಡದ ಕೇಡು ಬಿದ್ದ ಮಣ್ಣಿನೊಡನೆ ಮುಗಿಯುವುದಿಲ್ಲ; ಬೇರೆ ಕಡೆಯ ಮಣ್ಣಿಗೂ ಅದು ಬಾಗಿಲು ತೆರೆದಿಡುತ್ತದೆ.

ತುಂಗಭದ್ರೆಯ ಕಥೆ

ಇನ್ನು ತುಂಗಭದ್ರೆಯನ್ನು ಮೇಲಿನಿಂದ ಕೆಳಗೆ ನೋಡುತ್ತ ಬರೋಣ. ತುಂಗೆ ಭದ್ರೆಗಳೆರಡೂ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾಗುವುವು. ಅಲ್ಲಿಂದ ೫೩೧ ಕಿಲೋಮೀಟರು ಹರಿದು ಆಂಧ್ರದಲ್ಲಿ ಕೃಷ್ಣೆಯನ್ನು ಸೇರುವುವು. ಭದ್ರೆಯ ತಲೆಯಲ್ಲಿಯೇ ಕುದುರೆಮುಖದ ಕಬ್ಬಿಣದ ಗಣಿಯಿದ್ದಿತು. ವರ್ಷಕ್ಕೆ ಆರು ಸಾವಿರ ಮಿಲ್ಲಿಮೀಟರನ್ನು ಮೀರಿ ಮಳೆ ಸುರಿಯುವ ಸ್ಥಳದಲ್ಲಿ ಗುಡ್ಡದ ಹುಲ್ಲುಚರ್ಮವನ್ನು ಸುಲಿದರೆ ಮಣ್ಣು ಹೊಳೆಗಿಳಿಯದೆ ಮತ್ತೇನಾದೀತು? ಈ ಕಾರಣವನ್ನೂ ಇತರ ಕಾರಣಗಳನ್ನೂ ವಿಚಾರಿಸಿ ಸರ್ವೋಚ್ಚ ನ್ಯಾಯಾಲಯವು ೨೦೦೨ರ ಅಕ್ಟೋಬರ್ ೩೦ರಂದು ತೀರ್ಪು ಕೊಟ್ಟಿತು; ೨೦೦೫ರ ಕೊನೆಯಲ್ಲಿ ಗಣಿಯ ಕೆಲಸವು ನಿಂತಿತು. ಮಣ್ಣೂ ಹೊಳೆಯ ಮಾಲಿನ್ಯವೇ ಎಂಬ ತತ್ತ್ವವು ನಮ್ಮ ನಾಡಿನಲ್ಲಿ ನ್ಯಾಯಸ್ಥಾನದವರೆಗೆ ಹೋಗಿ ಬಂದ ಸಂದರ್ಭಗಳಲ್ಲಿ ಇದೊಂದು.

ಮಲೆನಾಡು ಇಳಿದು ಹೊನ್ನಾಳಿ, ಹರಿಹರಗಳನ್ನು ದಾಟಿದ ಮೇಲೆ ಹೊಳೆಯ ನಡಗೆ ನಿಧಾನವಾಗುವುದು. ಎರಡು ಕಡೆಯೂ ಹೊಲಗಳು, ಅಲ್ಲಲ್ಲಿ ಕಾರ್ಖಾನೆ, ಪೇಟೆ. ಗಳಗನಾಥದ ಹತ್ತಿರ ವರದೆಯು ಬಂದು ಸೇರುತ್ತಾಳೆ. ಈ ಕಡೆಯ ಎರೆಮಣ್ಣು ಬೇಸಗೆಯಲ್ಲಿ ಒಣಗಿ ಆಳವಾದ ಬಿರುಕು ಬಿಡುವುದು, ಮಳೆಯಲ್ಲಿ ಊದಿ ಮೆತ್ತಗಾಗುವುದು. ಬಿರುಕಿನೊಳಕ್ಕೆ ನೀರು ಹೊಕ್ಕರೆ ದಡವು ಹೋಳುಹೋಳಾಗಿ ಕಳಚಿಬೀಳಲು ತಡವಿಲ್ಲ. ಮೇಲಾಗಿ ಈ ಮಣ್ಣಿನಲ್ಲಿ ನುಣ್ಣನೆಯ ಜೇಡಿಯೇ ಹೆಚ್ಚು. ಮೇಲೆ ಹೇಳಿದ ಗಾಡಿಯ ಕೆಲಸವನ್ನು ಮಾಡಲು ಇದಕ್ಕಿಂತ ಯೋಗ್ಯವಾದ ಮಣ್ಣು ಮತ್ತೊಂದಿಲ್ಲ.

ಇದೆಲ್ಲವೂ ಬಂದು ನಿಲ್ಲುವುದು ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯದಲ್ಲಿ. ೧೯೫೩ರಲ್ಲಿ ಇದು ನೀರು ಹಿಡಿಯಲು ಮೊದಲುಮಾಡಿದಾಗ ಇದರ ಧಾರಣಶಕ್ತಿಯು ೧೩೨.೪೭ ಟಿ.ಎಂ.ಸಿ.ಯಾಗಿದ್ದಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ೨೦೧೬ರ ಅಳತೆಯಲ್ಲಿ ಉಳಿದುದು ೧೦೫.೭೮೮ ಟಿ.ಎಂ.ಸಿ. ಅಂದರೆ ಅರುವತ್ತಮೂರು ವರ್ಷಗಳಲ್ಲಿ ಐದರಲ್ಲೊಂದು ಪಾಲು ಹೂಳಾಯಿತು. ನೀರಿರಬೇಕಾದ ಸುಮಾರು ೭೫ ಕೋಟಿ ಘನ ಮೀಟರು ಸ್ಥಳದಲ್ಲಿ ಈಗ ಕೆಸರಿದೆ. ಇದೆಲ್ಲ ದಡದ ಮಣ್ಣೇ ಅಲ್ಲ. ಗುಡ್ಡದ್ದು, ಗಣಿಯದು, ಹೊಲದ್ದು, ದಡದ್ದು ಎಲ್ಲವೂ ಕೂಡಿದೆ. ಆದರೆ ಎಲ್ಲಿಂದ ಬಂದರೂ ಅದು ದಡವನ್ನು ದಾಟಿಯೇ ಬಂದಿದೆ. ಕರ್ಣಾಟಕ, ಆಂಧ್ರ, ತೆಲಂಗಾಣಗಳ ರೈತರು ಈ ನೀರಿನ ಪಾಲುದಾರರು. ಕಳೆದುಹೋದ ನೀರಿಗಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಮತ್ತೊಂದು ಜಲಾಶಯವನ್ನು ಕಟ್ಟಬೇಕೆಂಬ ಪ್ರಸ್ತಾಪವೂ ಬಂದಿದೆ. ಮೇಲೆ ಉಳಿಸಿಕೊಳ್ಳದ ಮಣ್ಣಿಗೆ ಕೆಳಗೆ ತೆರಬೇಕಾದ ಬೆಲೆಯು ಎಷ್ಟೆಂಬುದು ಇದರಿಂದ ತಿಳಿಯುವುದು.

ಸ್ಥಳ ಹೋದುದಷ್ಟೇ ಅಲ್ಲ, ನೀರಿನ ಗುಣವೂ ಕೆಟ್ಟಿತು. ಈಚಿನ ವರ್ಷಗಳಲ್ಲಿ ಹಲವು ಸಲ ಜಲಾಶಯದ ನೀರು ಹಸುರು ಬಣ್ಣಕ್ಕೆ ತಿರುಗಿ ಸುತ್ತಲಿನ ಜನರನ್ನು ಗಾಬರಿಗೊಳಿಸಿದೆ. ನೀಲಿಹಸುರು ಪಾಚಿಯೆಂಬ ಅತಿಸೂಕ್ಷ್ಮ ಜೀವಿಗಳು ಅಪರಿಮಿತವಾಗಿ ವೃದ್ಧಿಯಾಗುವುದೇ ಇದಕ್ಕೆ ಕಾರಣವು. ಅವುಗಳ ಮುಖ್ಯವಾದ ಆಹಾರವು ರಂಜಕ. ಊರ ಚರಂಡಿಯೂ ಹೊಲದ ಗೊಬ್ಬರವೂ ಅದನ್ನು ಒದಗಿಸುವುವು; ಜೇಡಿಯು ಅದನ್ನು ಹೊತ್ತು ತರುವುದು. ನೀರು ಕೆಂಪಾಗಿರುವವರೆಗೆ ಬೆಳಕಿಲ್ಲದೆ ಪಾಚಿಯು ಸುಮ್ಮನಿರುತ್ತದೆ. ಪೂರವು ನಿಂತು ಮಣ್ಣು ತಳಕ್ಕಿಳಿದು ನೀರು ತಿಳಿಯಾದಾಗ ಬಿಸಿಲೂ ದೊರೆಯಿತು, ಆಹಾರವೂ ದೊರೆಯಿತು. ಆಗ ಅದು ಹಬ್ಬುವುದು. ತಳ ಸೇರಿದ ಕೆಸರೂ ನಿರಪಾಯವಲ್ಲ. ಆಳದಲ್ಲಿ ಪ್ರಾಣವಾಯುವು ಮುಗಿದಾಗ ಅದು ತನ್ನಲ್ಲಿದ್ದ ರಂಜಕವನ್ನು ಮತ್ತೆ ನೀರಿಗೆ ಬಿಡುವುದು. ಇಂದು ಬಿದ್ದ ದಡದ ಫಲವನ್ನು ಮುಂದಿನ ಎಷ್ಟೋ ವರ್ಷಗಳವರೆಗೆ ಉಣ್ಣಬೇಕಾಗುವುದು ಹೀಗೆ.

ಅಣೆಕಟ್ಟಿನ ಕೆಳಗೆ, ಮುದ್ಲಾಪುರದಿಂದ ಕಂಪ್ಲಿಯವರೆಗಿನ ೩೪ ಕಿಲೋಮೀಟರು ಹೊಳೆಯನ್ನು ೨೦೧೫ರಲ್ಲಿ ನೀರುನಾಯಿಗಳ ಸಂರಕ್ಷಣೆಗಾಗಿ ಮೀಸಲಿಟ್ಟಿರುವರು. ನೀರುನಾಯಿಯು ದಡದಲ್ಲಿ ಬಿಲ ಮಾಡಿ ಮರಿ ಹಾಕತಕ್ಕ ಪ್ರಾಣಿ. ಹೊಳೆಯ ಮೀನೇ ಅದರ ಆಹಾರ. ದಡವೂ ನೀರೂ ಎರಡೂ ಚೆನ್ನಾಗಿರುವಲ್ಲಿ ಮಾತ್ರ ಅದು ಬಾಳಬಲ್ಲುದು. ಆದುದರಿಂದ ಹೊಳೆಯ ಆರೋಗ್ಯಕ್ಕೆ ಅದು ಒಂದು ಜೀವಂತ ಸಾಕ್ಷಿ ಎನ್ನಬಹುದು.

ಮನೆಯಲ್ಲಿ ಮಾಡತಕ್ಕದ್ದು

ಕದಡಿದ ನೀರಿನ ವಿಚಾರವು ಕೊನೆಗೆ ಬಂದು ಮುಟ್ಟುವುದು ಅಡಿಗೆಯ ಮನೆಯನ್ನು. ೨೦೧೨ರಲ್ಲಿ ಗೊತ್ತುಮಾಡಿದ ಭಾರತೀಯ ಮಾನಕದಂತೆ ಕುಡಿಯುವ ನೀರಿನ ಕದಡು ೧ ಎನ್.ಟಿ.ಯು. ಎಂಬ ಅಳತೆಯನ್ನು ಮೀರಬಾರದು. ಬೇರೆ ನೀರು ದೊರೆಯದಿದ್ದಲ್ಲಿ ೫ರವರೆಗೆ ಒಪ್ಪಬಹುದು. ಈ ನಿಯಮವು ಕಣ್ಣಿನ ಅಂದಕ್ಕಾಗಿ ಮಾಡಿದುದಲ್ಲ. ತೇಲುವ ಮಣ್ಣು ರೋಗಾಣುಗಳಿಗೆ ಕವಚವಾಗಿ ನಿಲ್ಲುತ್ತದೆ. ಅದರೊಡನೆ ಬಂದ ಕಸವು, ಅಣುಗಳನ್ನು ಕೊಲ್ಲಬೇಕಾದ ಕ್ಲೋರಿನನ್ನು ತಾನೇ ನುಂಗಿಬಿಡುತ್ತದೆ.

ನಮ್ಮ ಗೃಹಿಣಿಯರು ಸ್ಫಟಿಕದ ಗಡ್ಡೆಯನ್ನು ಕೊಡದ ನೀರಿನಲ್ಲಿ ನಾಲ್ಕಾರು ಸುತ್ತು ತಿರುಗಿಸುವ ರೂಢಿಯು ಶಾಸ್ತ್ರಸಮ್ಮತವಾದುದು. ಜೇಡಿಯ ಕಣಗಳೆಲ್ಲ ಒಂದೇ ಬಗೆಯ ವಿದ್ಯುತ್ತಿನಿಂದ ಕೂಡಿದ್ದು ಒಂದನ್ನೊಂದು ದೂಡುತ್ತಿರುವುದರಿಂದ ಕೂಡಿಕೊಳ್ಳಲಾರವು. ಸ್ಫಟಿಕವು ಆ ವಿದ್ಯುತ್ತನ್ನು ತಣಿಸಿ ಅವುಗಳನ್ನು ಗರಣೆಯಾಗಿ ಕೂಡಿಸಿ ತಳಕ್ಕಿಳಿಸುವುದು. ಚಿಲ್ಲದ ಬೀಜವನ್ನು ತೇದು ಹಾಕುವ ಹಳೆಯ ಪದ್ಧತಿಯ ಗುಣವೂ ಇದೇ. ಆದರೆ ತಿಳಿಯಾದ ನೀರೆಲ್ಲ ಶುದ್ಧವಾದ ನೀರಲ್ಲ. ತಿಳಿಯನ್ನು ಬಗ್ಗಿಸಿ, ಮಡಿಸಿದ ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ ಉಪಯೋಗಿಸುವುದು ಅವಶ್ಯವು.

ಹಸುರುಗಟ್ಟಿದ ನೀರಿನ ವಿಷಯದಲ್ಲಿ ಮಾತ್ರ ಕುದಿಸಿದರೂ ನಂಬಬಾರದು. ಕೆಲವು ಜಾತಿಯ ನೀಲಿಹಸುರು ಪಾಚಿಗಳಲ್ಲಿ ಯಕೃತ್ತಿಗೆ ಕೇಡುಮಾಡುವ ವಿಷವಿರುವುದು. ಕುದಿಯುವ ಶಾಖಕ್ಕೆ ಅದು ನಾಶವಾಗದು. ಅಂಥ ನೀರನ್ನು ಮನುಷ್ಯರು ಕುಡಿಯಲೂ ಬಾರದು, ದನಕರುಗಳಿಗೆ ಕುಡಿಸಲೂ ಬಾರದು. ಮಕ್ಕಳನ್ನು ಅದರಲ್ಲಿ ಈಜಬಿಡಲೂ ಬಾರದು.

ದಡವನ್ನು ಉಳಿಸುವ ಉಪಾಯ

ಕಲ್ಲುಗೋಡೆಯನ್ನು ಕಟ್ಟಿಬಿಟ್ಟರೆ ತೀರಿತೆಂದು ಹಲವರು ಭಾವಿಸುವರು. ಊರೂ ದೇವಾಲಯವೂ ಸೇತುವೆಯೂ ಇರುವಲ್ಲಿ ಅದು ಬೇಕಾಗಬಹುದು. ಆದರೆ ಬುಡವನ್ನು ಭದ್ರಮಾಡದೆ ಕಟ್ಟಿದ ಗೋಡೆಯ ಕೆಳಗೆ ಹೊಳೆಯು ಕೊರೆಯುತ್ತದೆ. ಒಂದು ಕಡೆ ಮಾತ್ರ ಕಟ್ಟಿದರೆ ನೀರಿನ ಹೊಡೆತವು ಎದುರಿನ ಅಥವಾ ಕೆಳಗಿನ ನೆರೆಯವರ ದಡಕ್ಕೆ ತಿರುಗುತ್ತದೆ. ಒಬ್ಬರ ರಕ್ಷಣೆಯು ಮತ್ತೊಬ್ಬರಿಗೆ ಅಪಾಯವಾಗಬಾರದು.

ಹೆಚ್ಚಿನ ಕಡೆಗಳಲ್ಲಿ ಹಸುರು ಗೋಡೆಯೇ ಮೇಲು. ನೀರಿನಂಚಿನಿಂದ ಹತ್ತು ಹದಿನೈದು ಮೀಟರು ಅಗಲದ ಪಟ್ಟಿಯನ್ನು ಉಳದೆ ಬಿಡಬೇಕು. ನೀರಿನ ಬಳಿ ಲಾವಂಚ, ಲಕ್ಕಿ, ಕೇದಗೆ. ಇಳಿಜಾರಿನಲ್ಲಿ ಹೊಂಗೆ, ಬಿದಿರು. ಮೇಲೆ ಹೊಳೆಮತ್ತಿ, ನೇರಳೆ: ಹೀಗೆ ನೆಟ್ಟರೆ ನಾಲ್ಕೈದು ಮಳೆಗಾಲಗಳಲ್ಲಿ ದಡವು ಕೈಗೆ ಹತ್ತುವುದು. ಬಿಟ್ಟ ನೆಲವೇನೂ ವ್ಯರ್ಥವಲ್ಲ; ಹೊಂಗೆಯ ಬೀಜಕ್ಕೂ ಬಿದಿರಿಗೂ ಲಾವಂಚದ ಬೇರಿಗೂ ಬೆಲೆಯುಂಟು. ದನಗಳಿಗೆ ಊರಿಗೊಂದು ಕಲ್ಲು ಹಾಸಿದ ಇಳಿದಾರಿಯನ್ನು ಮಾಡಿ ಉಳಿದ ದಡವನ್ನು ಬೇಲಿಯಿಂದ ಕಾಯಬೇಕು. ಹೊಲದ ನೀರು ಹೊಳೆಗಿಳಿಯುವ ಕೊರಕಲುಗಳ ತಲೆಯಲ್ಲಿ ಸಣ್ಣ ಸಣ್ಣ ಕಲ್ಲುಕಟ್ಟೆಗಳನ್ನು ಹಾಕಿದರೆ ಮಣ್ಣು ಅಲ್ಲಿಯೇ ಉಳಿಯುವುದು. ಮರಳನ್ನು ಎಲ್ಲಿ, ಎಷ್ಟು, ದಡದಿಂದ ಎಷ್ಟು ದೂರದಲ್ಲಿ ತೆಗೆಯುತ್ತಾರೆಂಬುದನ್ನು ಗ್ರಾಮಪಂಚಾಯಿತಿಯವರೂ ಊರವರೂ ಕಣ್ಣಿಟ್ಟು ನೋಡತಕ್ಕದ್ದು.

ಈ ಕೆಲಸಗಳಿಗೆ ಮಹಾ ಯಂತ್ರಗಳು ಬೇಕಿಲ್ಲ. ಬೇಕಾದುದು ದಡವು ಯಾರ ಸ್ವತ್ತೆಂಬ ವಿವೇಕ. ಹೊಲದವನು ತನ್ನದೆನ್ನುವನು, ಸರಕಾರವು ತನ್ನದೆನ್ನುವುದು. ಆದರೆ ಅಂಚಿನ ಎರಡು ಸಾಲು ಬೆಳೆಯನ್ನು ಬಿಟ್ಟುಕೊಡುವ ಹೊನ್ನಾಳಿಯ ರೈತನ ಔದಾರ್ಯದಿಂದ ತಿಳಿಯಾದ ನೀರು ಕುಡಿಯುವವರು ಹೊಸಪೇಟೆಯವರು, ಕಂಪ್ಲಿಯವರು, ಮಂತ್ರಾಲಯದವರು. ಆದುದರಿಂದ ಆ ಎರಡು ಸಾಲಿನ ನಷ್ಟವನ್ನು ಅವನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಸಸಿಗಳನ್ನೂ ಮೊದಲ ಕೆಲವು ವರ್ಷಗಳ ಪರಿಹಾರವನ್ನೂ ಕೆಳಗಿನ ಪಟ್ಟಣಗಳವರ ನೀರಿನ ಕಂದಾಯದಿಂದ ಒದಗಿಸಿದರೆ ಅದು ದಾನವೆನಿಸದು, ಶುದ್ಧಜಲಕ್ಕೆ ಕೊಟ್ಟ ಬೆಲೆಯೆನಿಸುವುದು. ಚರಂಡಿಯನ್ನೂ ಕಾರ್ಖಾನೆಯನ್ನೂ ತಿದ್ದುವ ಪ್ರಯತ್ನವು ನಡೆಯಲಿ. ಅದರ ಜತೆಯಲ್ಲಿಯೇ, ಬರುವ ಮಳೆಗಾಲಕ್ಕೆ ಮುಂಚೆ, ಹೊಳೆಯ ದಡದಲ್ಲಿರುವ ಪ್ರತಿಯೊಂದು ಊರಿನವರೂ ತಮ್ಮ ಎಲ್ಲೆಯೊಳಗಿನ ದಡವನ್ನು ಒಮ್ಮೆ ನಡೆದು ನೋಡಿ, ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಬೋಳಾಗಿದೆ ಎಂಬುದನ್ನು ಗುರುತುಮಾಡಿಕೊಳ್ಳಲೆಂದು ಕೋರುತ್ತೇವೆ.